ಸಾಹೇಬರ ಚಪ್ಪಲಿ, ರಾಜಾರಾಮನ ಕಾಲು

ನಿಪ್ಪಾಣಿಯ ಏತ ನೀರಾವರಿ ಸಹಕಾರಿ ಸಂಘದ ಕಚೇರಿಗೆ ಹೋಗಿ ಸಿಪಾಯಿ ರಾಜಾರಾಮ ಎಲ್ಲಿದ್ದಾನೆ ಎಂದು ಕೇಳಿದರೆ, ಗುಮಾಸ್ತೆ ಉಜ್ವಲಾ ತಲೆ ಎತ್ತದೆಯೇ ಊರಿಗೆ ಹೋಗಿದ್ದಾನೆ ಎನ್ನುತ್ತಿದ್ದಳು. ಯಾವ ಊರಿಗೆ ಎಂಬುದು ಅವಳಿಗೂ ಗೊತ್ತಿರುತ್ತಿರಲಿಲ್ಲ. ಮ್ಯಾನೇಜರ್ ಸಾಹೇಬರ ಬಾಗಿಲ ಹೊರಗೆ ರಾಜಾರಾಮನಿಗೆಂದು ಒಂದು ಸ್ಟೂಲು ಇತ್ತು. ಕೆಲಸಕ್ಕೆ ಸೇರಿದಂದಿನಿಂದ ಅವನು ಅದರ ಮೇಲೆ ಕೂತಿದ್ದನ್ನು ಕಂಡವರಿಲ್ಲ. ಹೊಲಕ್ಕೆ ನೀರಿನ ಪಾಳಿ ಕೇಳಲು ಬಂದ ರೈತರು ಅದರ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು.

ಸಂಘದ ಸಂಬಳ ತಿನ್ನುವ ರಾಜಾರಾಮ ದುಡಿಯುತ್ತಿದ್ದದ್ದೆಲ್ಲ ಮ್ಯಾನೇಜರ್ ಸಂಗ್ರಾಮ ಸಾಹೇಬರ ಮನೆಗೆ. ಸಾಹೇಬರು ಚಿಕ್ಕೋಡಿಯಲ್ಲಿ ಮನೆ ಕಟ್ಟಿಕೊಂಡು ದಿನಾ ಕಾರಿನಲ್ಲಿ ಬಂದು ಹೋಗುವವರು. ಅವರ ಗೋಧಿ ಗಿರಣಿಗೆ ಹೋಗಬೇಕೆಂದರೆ ರಾಜಾರಾಮ ಹೋಗಬೇಕು. ನಾಯಿಗೆ ಸೂಜಿ ಹಾಕಿಸಬೇಕೆಂದರೆ ನಾಯಿಯನ್ನು ಹಿಡಿದುಕೊಳ್ಳುವವನು ರಾಜಾರಾಮ, ಕಚ್ಚಿಸಿಕೊಳ್ಳುವವನೂ ಅವನೇ. ದಿಗ್ಗೇವಾಡಿಯ ಹೊಲದಿಂದ ಬದನೆಕಾಯಿ ತರಬೇಕು, ಶೇಡಬಾಳದಲ್ಲಿರುವ ಸಾಹೇಬರ ಅತ್ತೆಯನ್ನು ಕಾಗವಾಡ ದಾಟಿಸಿ ಮೀರಜಿನ ಡಾಕ್ಟರ ಬಳಿಗೆ ಕರೆದೊಯ್ಯಬೇಕು, ಆ ಮುದುಕಿ ದಾರಿಯುದ್ದಕ್ಕೂ ತನ್ನ ಅಳಿಯನನ್ನು ಬೈಯುವುದನ್ನು ಕೇಳಿಸಿಕೊಳ್ಳಬೇಕು, ಬಂದು ಅಳಿಯನ ಮುಂದೆ ಅದನ್ನು ಹೇಳದೆ ಇರಬೇಕು. ಒಮ್ಮೆಯಂತೂ ಡಾಕ್ಟರು ಸಾಹೇಬರಿಗೆ ದಿನಾ ನಡೆಯಿರಿ ಎಂದು ಹೇಳಿ ಕೈಗೆ ಹೆಜ್ಜೆ ಎಣಿಸುವ ಗಡಿಯಾರ ಕಟ್ಟಿಸಿದ್ದರು. ಸಾಹೇಬರು ಅದನ್ನು ಬಿಚ್ಚಿ ರಾಜಾರಾಮನ ಕೈಗೆ ಕಟ್ಟಿದರು. ಮುಂದಿನ ತಿಂಗಳು ಡಾಕ್ಟರು ಭೇಷ್ ಎಂದು ಸಾಹೇಬರ ಬೆನ್ನು ತಟ್ಟಿದರಂತೆ.

ಹಾಗೆಂದು ಸಾಹೇಬರು ಕೆಟ್ಟ ಮನುಷ್ಯರಲ್ಲ. ಬೈದವರಲ್ಲ, ಗದರಿಸಿದವರಲ್ಲ. ಇನ್ನೊಬ್ಬನಿಗೂ ಒಂದು ಮನೆ ಇರುತ್ತದೆ, ಅವನಿಗೂ ಹೊತ್ತಿಗೆ ಸರಿಯಾಗಿ ಹಸಿವಾಗುತ್ತದೆ ಎಂಬುದು ಅವರಿಗೆ ಹೊಳೆದೇ ಇರಲಿಲ್ಲ, ಅಷ್ಟೆ. ಕೆಟ್ಟವನಾದರೂ ವಾಸಿ, ಅವನಿಗೆ ಎದುರಿಗೆ ನಿಂತವನು ಕಣ್ಣಿಗೆ ಬೀಳುತ್ತಾನೆ.

ರಾಜಾರಾಮನೂ ಕಡಿಮೆಯವನಲ್ಲ. ಅವನಿಗೆ ತಿರುಗಾಟವೆಂದರೆ ಇಷ್ಟ. ಬಸ್ಸಿನ ಕಿಟಕಿ ಪಕ್ಕ ಕೂತು ಕಬ್ಬಿನ ಗದ್ದೆ ನೋಡುತ್ತ, ಕಂಡಕ್ಟರನ ಜೊತೆ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಹರಟೆ ಹೊಡೆಯುತ್ತ ಹೋಗುವುದೆಂದರೆ ಅವನಿಗೆ ಹಬ್ಬ. ಅಥಣಿ, ರಾಯಬಾಗ, ಕಾಗವಾಡ, ಯಾವ ಬಸ್ ಸ್ಟ್ಯಾಂಡಿಗೆ ಹೋದರೂ ಚಹಾದಂಗಡಿಯವನು ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದ. ಇಲ್ಲ, ಆಗುವುದಿಲ್ಲ ಎಂಬ ಮಾತು ಮಾತ್ರ ಅವನ ನಾಲಿಗೆಗೆ ಗೊತ್ತಿರಲಿಲ್ಲ. ಸಾಹೇಬರು ಅರ್ಧ ಹೇಳುವಷ್ಟರಲ್ಲಿ ಅವನು ಹೌದ್ರಿ ಎಂದು ಮೆಟ್ಟಿಲು ಇಳಿದಿರುತ್ತಿದ್ದ.

ಇದರ ಬಿಸಿ ತಟ್ಟುತ್ತಿದ್ದದ್ದು ಅವನ ಹೆಂಡತಿ ಅಕ್ಕುತಾಯಿಗೆ. ಮಗಳು ಸಪನಾಳನ್ನು ತೊಟ್ಟಿಲಿಗೆ ಹಾಕಿದ ದಿನ ರಾಜಾರಾಮ ಮೀರಜಿನಲ್ಲಿ ಸಾಹೇಬರ ಅತ್ತೆಯ ಎಕ್ಸ್-ರೇ ಹಿಡಿದುಕೊಂಡು ಕೂತಿದ್ದ. ಮಗಳಿಗೆ ಏನು ಹೆಸರಿಟ್ಟರು ಎಂಬುದು ಅವನಿಗೆ ತಿಳಿದದ್ದು ಮರುದಿನ. ಮೈದುನನ ಮದುವೆಯ ಅಕ್ಷತೆ ಬೀಳುವಾಗ ಅವನು ಸಾಹೇಬರ ಸಿಲಿಂಡರಿನ ಜೊತೆ ಸಾಲಿನಲ್ಲಿ ನಿಂತಿದ್ದ. ಅಕ್ಕೋಳದಲ್ಲಿ ಸ್ವಂತ ಮನೆಯ ವಾಸ್ತುಶಾಂತಿಗೆ ಕೂಡ ಅವನು ಬಂದದ್ದು ಕಾಗವಾಡದ ದ್ರಾಕ್ಷಿ ಬುಟ್ಟಿಯನ್ನು ಚಿಕ್ಕೋಡಿಗೆ ಮುಟ್ಟಿಸಿದ ಮೇಲೆ, ಊಟದ ಎಲೆ ಎತ್ತುವಾಗ. ಬೀಗರ ಮಂದಿ ಅವನಿಗೆ ಎಲೆ ಎತ್ತುವ ರಾಜಾರಾಮ ಎಂದು ಹೆಸರಿಟ್ಟಿದ್ದರು. ಅವನು ಆ ಹೆಸರಿಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಅಕ್ಕುತಾಯಿ ನಗುತ್ತಿರಲಿಲ್ಲ.

ಈ ಸಂಸಾರದಲ್ಲಿ ಚಪ್ಪಲಿ ಕಾಲಿಟ್ಟಿದ್ದು ಸಂಕ್ರಮಣ ಕಳೆದ ಮೇಲೆ. ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬುತ್ತಿತ್ತು, ಮೊದಲಿನಿಂದ ಇದ್ದ ಸಂಗ್ರಾಮ ಸಾಹೇಬರಿಗೆ ಸತ್ಕಾರ ಮಾಡಬೇಕೆಂದು ಡೈರೆಕ್ಟರುಗಳು ಗೊತ್ತುಮಾಡಿದ್ದರು. ಸಾಹೇಬರಿಗೆ ಹಿಗ್ಗು ತಡೆಯಲಾಗಲಿಲ್ಲ. ಧೋತರ, ನೆಹರೂ ಶರ್ಟು, ತಲೆಗೆ ಫೇಟಾ, ಕಾಲಿಗೆ ಅಪ್ಪಟ ಕೊಲ್ಹಾಪುರಿ ಚಪ್ಪಲಿ, ಹೀಗೆ ವೇದಿಕೆ ಹತ್ತಬೇಕೆಂದು ಮನಸ್ಸು ಮಾಡಿದರು. ಚಪ್ಪಲಿಯನ್ನು ಅಥಣಿಯಲ್ಲಿ ಕಾಲಿನ ಅಳತೆ ಕೊಟ್ಟೇ ಮಾಡಿಸಬೇಕು. ಆದರೆ ಅಥಣಿಯವರೆಗೆ ಯಾರು ಹೋಗುತ್ತಾರೆ? ಸಾಹೇಬರು ರಾಜಾರಾಮನ ರಬ್ಬರ್ ಚಪ್ಪಲಿಯ ಅಡಿ ತಿರುಗಿಸಿ ನಂಬರು ನೋಡಿದರು. ಒಂಬತ್ತು. ಅವರದೂ ಒಂಬತ್ತೇ. ನೀನೇ ಹೋಗಿ ಅಳತೆ ಕೊಟ್ಟು ಬಾ ಎಂದರು.

ಅಥಣಿಯ ಒಂದು ಓಣಿಯಲ್ಲಿ ಕಾಶಿಬಾಯಿ ಎಂಬ ಹೆಂಗಸು ತನ್ನ ಮನೆಯ ಕಟ್ಟೆಯ ಮೇಲೆ ಕೂತು ಚಪ್ಪಲಿಗೆ ಚರ್ಮದ ಜಡೆ ಹೆಣೆಯುತ್ತಿದ್ದಳು. ಗಂಡ ಅಡಿ ಕತ್ತರಿಸುತ್ತಿದ್ದ, ಮೇಲಿನ ಕೆಲಸ ಇವಳದು. ಅವಳು ಒಂದು ಹಾಳೆ ಹಾಸಿ ಕಾಲು ಇಡು ಎಂದಳು. ರಾಜಾರಾಮ ತನಗಲ್ಲ, ಸಾಹೇಬರಿಗೆ ಎಂದ.

“ಹೌದು? ಅವ್ರ ಕಾಲು ಎಲ್ಲಿ ಅದಾವ ತಮ್ಮಾ?”

“ಆಫೀಸಿನ್ಯಾಗ ಅದಾವ್ರಿ.”

ಕಾಶಿಬಾಯಿ ಹೆಣೆಯುವುದನ್ನು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ರಾಜಾರಾಮನ ಕಾಲನ್ನೇ ಹಾಳೆಯ ಮೇಲೆ ಇಡಿಸಿಕೊಂಡು ಸುತ್ತ ಪೆನ್ಸಿಲಿನಿಂದ ಗೆರೆ ಎಳೆದಳು.

ಇಲ್ಲಿ ರಾಜಾರಾಮನ ಎಡಗಾಲಿನ ವಿಷಯ ಹೇಳಬೇಕು. ಚಿಕ್ಕವನಿದ್ದಾಗ ಅಕ್ಕೋಳದಲ್ಲಿ ಕಬ್ಬಿನ ಗಾಡಿಯ ಗಾಲಿ ಅದರ ಅಂಚಿನ ಮೇಲೆ ಹಾಯ್ದಿತ್ತು. ಕಿರುಬೆರಳು ಹೊರಗೆ ತಿರುಗಿ ಅಲ್ಲೇ ಉಳಿದಿತ್ತು. ಅದಕ್ಕೇ ಅವನು ನಡೆಯುವಾಗ ಎಡಕ್ಕೆ ತುಸು ವಾಲುತ್ತಿದ್ದ, ಆ ಕಡೆ ಯಾರೋ ಗುಟ್ಟು ಹೇಳುತ್ತಿದ್ದಾರೆ, ಇವನು ಕೇಳಿಸಿಕೊಳ್ಳುತ್ತಿದ್ದಾನೆ ಎನ್ನುವ ಹಾಗೆ. ಯಾವ ಅಂಗಡಿಯ ಚಪ್ಪಲಿ ಹಾಕಿದರೂ ಆ ಬೆರಳು ಹೊರಗೇ ಇರುತ್ತಿತ್ತು. ಕಾಶಿಬಾಯಿ ಅದನ್ನು ಕಂಡು, ಈ ಬೆರಳಿಗೆ ಜಾಗ ಬಿಡಲೇ ಎಂದು ಕೇಳಿದಳು. ರಾಜಾರಾಮನಿಗೆ ಒಂದು ನಮೂನೆ ಆಯಿತು. ಈ ವಯಸ್ಸಿನವರೆಗೆ ಅವನ ಬೆರಳಿಗೆ ಜಾಗ ಬೇಕೇ ಎಂದು ಕೇಳಿದವರಿರಲಿಲ್ಲ. ಬಿಡ್ರಿ ಎಂದುಬಿಟ್ಟ. ಸಾಹೇಬರ ಬೆರಳು ನೆಟ್ಟಗೆ ಇದೆ ಎಂಬುದು ಅವನಿಗೆ ನೆನಪಾದದ್ದು ಬಸ್ಸು ಚಿಕ್ಕೋಡಿ ದಾಟಿದ ಮೇಲೆ. ಅಷ್ಟಕ್ಕೆ ಏನಾಗುತ್ತದೆ ಬಿಡು ಎಂದು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದ.

ಚಪ್ಪಲಿ ತಯಾರಾಗಿ ಬಂತು. ಜೇನಿನ ಬಣ್ಣದ ಚರ್ಮ, ಎರಡೂ ಬದಿಗೆ ಅಗಲವಾದ ಕಿವಿ, ಮೇಲೆ ಕೆಂಪು ಗೊಂಡೆ. ನೋಡಲು ಚಂದ, ಹಾಕಿಕೊಳ್ಳಲು ಕಲ್ಲು. ಸಾಹೇಬರು ಒಂದು ಹೆಜ್ಜೆ ಇಟ್ಟು ಅಯ್ಯಯ್ಯೋ ಎಂದು ಕಾಲು ತೆಗೆದರು. ಹೊಸ ಕೊಲ್ಹಾಪುರಿ ಕಚ್ಚುವುದು ಹೊಸದಲ್ಲ, ಎಣ್ಣೆ ಕುಡಿಸಿ, ದಿನಾ ಹಾಕಿ ನಡೆದು, ಮೆತ್ತಗೆ ಮಾಡಿಕೊಳ್ಳಬೇಕು. ಅದು ಈ ಸೀಮೆಯ ಎಲ್ಲರಿಗೂ ಗೊತ್ತು. ಸಾಹೇಬರಿಗೂ ಗೊತ್ತಿತ್ತು. ಅವರ ತಂದೆಯ ಕಾಲದಲ್ಲಿ ಮನೆಯ ಆಳುಮಗ ಹಾಕಿ ಪಳಗಿಸಿ ಕೊಡುತ್ತಿದ್ದನಂತೆ. ಆದ್ದರಿಂದ ಅವರು ಯೋಚನೆ ಕೂಡ ಮಾಡದೆ ಚಪ್ಪಲಿಯನ್ನು ಕಾಲಿನಿಂದಲೇ ರಾಜಾರಾಮನ ಕಡೆ ಸರಿಸಿದರು.

“ಉಗಾದಿ ಪಾಡವಾ ಬರೂತನ ನೀ ಹಾಕ್ಕೊಂಡು ತಿರುಗಾಡು. ಮೆತ್ತಗಾದ ಮ್ಯಾಲೆ ಕೊಡು.”

“ಹೌದ್ರಿ,” ಎಂದ ರಾಜಾರಾಮ.

ಅಂದಿನಿಂದ ನಿಪ್ಪಾಣಿಯ ಬೀದಿಯಲ್ಲಿ ಕರ್ ಕರ್ ಎಂಬ ಸದ್ದು ಶುರುವಾಯಿತು. ರಾಜಾರಾಮ ಮೊದಲ ವಾರ ಹಿಮ್ಮಡಿಗೆ ಬಟ್ಟೆ ಕಟ್ಟಿಕೊಂಡು ನಡೆದ. ರಾತ್ರಿ ಊಟವಾದ ಮೇಲೆ ಕುಸುಬಿ ಎಣ್ಣೆ ಸವರಿ ಕೂಸಿನ ಮೈ ತಿಕ್ಕಿದ ಹಾಗೆ ತಿಕ್ಕಿದ. ಆ ಸದ್ದು ಕೇಳಿ ಕಚೇರಿಯಲ್ಲಿ ಸಾಹೇಬರೇ ಬಂದರೆಂದು ಉಜ್ವಲಾ ಮೊಬೈಲನ್ನು ಡ್ರಾವರಿಗೆ ತುರುಕುತ್ತಿದ್ದಳು, ಸ್ಟೂಲಿನ ಮೇಲಿನ ರೈತರು ದಡಬಡಿಸಿ ಏಳುತ್ತಿದ್ದರು, ಎದುರಿನ ಚಹಾದಂಗಡಿಯವನು ಬೆಂಚನ್ನು ಒರೆಸುತ್ತಿದ್ದ. ಬಾಗಿಲಲ್ಲಿ ರಾಜಾರಾಮನ ಮುಖ ಕಂಡು ಎಲ್ಲರೂ ಅವನಿಗೆ ಬೈಯುತ್ತಿದ್ದರು. ಅವನಿಗೆ ಮೊದಮೊದಲು ನಾಚಿಕೆಯಾಯಿತು, ಆಮೇಲೆ ಬೇಕೆಂದೇ ಮೆಟ್ಟಿಲ ಮೇಲೆ ಎರಡು ಹೆಜ್ಜೆ ಜಾಸ್ತಿ ಹಾಕತೊಡಗಿದ.

ದಿನ ಕಳೆದಂತೆ ಚಪ್ಪಲಿ ಪಳಗಿತು. ಹಿಮ್ಮಡಿ ಕೂರುವಲ್ಲಿ ತಗ್ಗು ಬಿತ್ತು, ಎಡಗಡೆಯ ಅಂಚು ತುಸು ಸವೆಯಿತು, ಆ ಹಟಮಾರಿ ಕಿರುಬೆರಳು ಮನೆ ಸಿಕ್ಕವನಂತೆ ತನ್ನ ಜಾಗದಲ್ಲಿ ಹೋಗಿ ಕೂತಿತು. ರಾಜಾರಾಮನಿಗೆ ನೋವಿಲ್ಲದೆ ನಡೆಯುವುದೆಂದರೆ ಹೀಗಿರುತ್ತದೆ ಎಂದು ಮೊದಲ ಸಲ ತಿಳಿಯಿತು. ಪಾಡವಾ ಹತ್ತಿರ ಬಂದ ಹಾಗೆ ಅವನ ಮನಸ್ಸು ಸಣ್ಣಗಾಗುತ್ತಿತ್ತು, ಬಾಯಿ ಬಿಟ್ಟು ಯಾರಿಗೂ ಹೇಳಲಿಲ್ಲ.

ಅಕ್ಕುತಾಯಿ ಮಾತ್ರ ಬಾಯಿ ಬಿಟ್ಟಳು. ಗಂಡ ಸಾಹೇಬರ ಚಪ್ಪಲಿ ಮೆತ್ತಗೆ ಮಾಡುತ್ತಿದ್ದಾನೆ ಎಂದು ತಿಳಿದ ದಿನ ಅವಳು ತಟ್ಟುತ್ತಿದ್ದ ಜೋಳದ ಭಕ್ಕರಿಯನ್ನು ಹಾಗೇ ಕೈಯಲ್ಲಿ ಹಿಡಿದು ಅವನನ್ನು ನೋಡಿದಳು.

“ಹಂಗಾದ್ರ ಅವ್ರ ಊಟಾನೂ ನೀವ ಮಾಡ್ರಿ. ಅವ್ರಿಗಿ ಅಗಿಯೂ ತ್ರಾಸ ತಪ್ಪತೈತಿ.”

ಅವಳ ತಲೆಯಲ್ಲಿ ಆಗ ಬೇರೆಯೇ ಕೆಲಸ ಓಡುತ್ತಿತ್ತು. ಅನೇಕ ವರ್ಷ ಅವಳು ತಂಬಾಕಿನ ವಖಾರಿಯ ಕೆಲಸಗಾರರಿಗೆ ಮನೆಯಿಂದಲೇ ಭಕ್ಕರಿ ಮಾಡಿ ಕಳಿಸುತ್ತಿದ್ದಳು. ಈಗ ನಿಪ್ಪಾಣಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಹಿಂದೆ ಪಂಕ್ಚರ್ ಅಂಗಡಿ ಇದ್ದ ಜಾಗವನ್ನು ಹಿಡಿದು ಖಾನಾವಳಿ ತೆರೆಯುವವಳಿದ್ದಳು. ಗೋಡೆಗೆ ಸುಣ್ಣ ಬಳಿದವಳು ಅವಳೇ, ಮಣ್ಣು ಕಲಸಿ ದೊಡ್ಡ ಒಲೆ ಹಾಕಿದವಳೂ ಅವಳೇ. ಕಾಲೇಜು ಓದುವ ಸಪನಾ ಬಾಗಿಲ ಮೇಲೆ ಹೆಸರು ಬರೆದಳು. ಬಡಿಸುವುದಕ್ಕೆ ತಾಯಿ ಮಗಳು ಇಬ್ಬರೇ ಇದ್ದದ್ದರಿಂದ, ನೀರಿನ ಮಡಕೆಯ ಮೇಲಿನ ಗೋಡೆಗೆ ದೊಡ್ಡ ಅಕ್ಷರದಲ್ಲಿ ನೀರು ತಾವೇ ತೆಗೆದುಕೊಳ್ಳಬೇಕು ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆದಳು. ತೆರೆಯುವುದು ಪಾಡವಾ ದಿನ ಎಂದು ಗೊತ್ತಾಯಿತು. ಅಂದು ಪಂಚಾಂಗ ನೋಡುವ ಹಂಗಿಲ್ಲ, ಇಡೀ ದಿನ ಮುಹೂರ್ತ. ಕಚೇರಿಗೂ ರಜೆ.

ಅಕ್ಕುತಾಯಿ ಗಂಡನಿಗೆ ಹಣ ಕೇಳಲಿಲ್ಲ, ಸಾಮಾನು ಹೊರಲು ಕರೆಯಲಿಲ್ಲ. ಕೇಳಿದ್ದು ಒಂದೇ.

“ಹೊಸಾ ಒಲಿಗಿ ಮೊದಲ ಬೆಂಕಿ ನೀವ ಹಚ್ಚಬೇಕು. ಹತ್ತು ಗಂಟೇಕ. ನೀವು ಬರೂತನ ಒಲಿ ಹಂಗ ತಣ್ಣಗ ಇರ್ತೈತಿ. ಗಿರಾಕಿ ಬಂದು ಊಟ ಎಲ್ಲಿ ಅಂತ ಕೇಳಿದ್ರ, ನಮ್ಮವ್ರು ಸಾಹೇಬ್ರ ಚಪ್ಲಿ ಕೊಡಾಕ ಹೋಗ್ಯಾರ, ಬರ್ತಾರ, ಕೂಡ್ರಿ ಅಂತೀನಿ.”

ರಾಜಾರಾಮ ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿದ. ಆಡಿದ್ದನ್ನು ಮಾಡುವ ಹೆಂಗಸು ಅವಳು. ಈ ಸಲವೂ ಎಲೆ ಎತ್ತುವ ಹೊತ್ತಿಗೆ ಹೋದರೆ, ಇನ್ನು ಮುಂದೆ ತನ್ನನ್ನು ಯಾವುದಕ್ಕೂ ಕರೆಯುವುದಿಲ್ಲ ಎಂದು ಅವನಿಗೆ ಅರ್ಥವಾಯಿತು. ಅವಳು ಜಗಳ ಆಡುವುದನ್ನು ನಿಲ್ಲಿಸಿಬಿಡುತ್ತಾಳೆ, ಅದಕ್ಕಿಂತ ದೊಡ್ಡ ಶಿಕ್ಷೆ ಅವನಿಗೆ ಇರಲಿಲ್ಲ.

ಮುಂದಿನ ವಾರ ಸಾಹೇಬರ ಸತ್ಕಾರದ ಆಮಂತ್ರಣ ಪತ್ರಿಕೆ ಬಂತು. ಅದೂ ಪಾಡವಾ ದಿನವೇ. ಸಾಹೇಬರಿಗೂ ಒಳ್ಳೆಯ ಮುಹೂರ್ತ ಬೇಕಿತ್ತಲ್ಲ. ರಾಜಾರಾಮ ಧೈರ್ಯ ಮಾಡಿ ಖಾನಾವಳಿಯ ವಿಷಯ ಹೇಳಿದ. ಸಾಹೇಬರು ಮೊಬೈಲು ನೋಡುತ್ತಲೇ, ಅದಕ್ಕೇನಂತೆ, ಮುಂಜಾನೆ ಸತ್ಕಾರ ನಡೆಯುವ ಮಂಗಲ ಕಾರ್ಯಾಲಯಕ್ಕೆ ಬಂದು ಚಪ್ಪಲಿ ಕೊಟ್ಟು ಹೋಗಿಬಿಡು ಎಂದರು. ರಾಜಾರಾಮನಿಗೆ ಎದೆಯ ಭಾರ ಇಳಿಯಿತು. ಮನೆಗೆ ಬಂದು ಅದನ್ನು ಹೇಳಿದಾಗ ಅಕ್ಕುತಾಯಿ ಬೆಂಕಿಪೊಟ್ಟಣವನ್ನು ಎತ್ತಿಟ್ಟಳು.

ಪಾಡವಾ ದಿನ ಮನೆಮನೆಯ ಮಾಳಿಗೆಯ ಮೇಲೆ ಕೋಲಿಗೆ ಸೀರೆ ಸುತ್ತಿ, ತಂಬಿಗೆ ಬೋರಲು ಹಾಕಿ, ಸಕ್ಕರೆಯ ಸರ ಕಟ್ಟಿದ ಗುಡಿಗಳು ಎದ್ದಿದ್ದವು. ರಾಜಾರಾಮ ಬೇವು ಬೆಲ್ಲ ತಿಂದು, ಹಳೆಯ ರಬ್ಬರ್ ಚಪ್ಪಲಿ ಮೆಟ್ಟಿ, ಕೊಲ್ಹಾಪುರಿಯನ್ನು ಹೊಸ ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಒಂಬತ್ತಕ್ಕೇ ಮಂಗಲ ಕಾರ್ಯಾಲಯಕ್ಕೆ ಹೋದ. ಸಾಹೇಬರು ಬಂದಿರಲಿಲ್ಲ, ಅವರ ಫೋನು ಬಂತು. ಹಾರ ಬಂದಿಲ್ಲವಂತೆ, ಹೂವಿನವನ ಬಳಿ ಹೋಗು. ಹೋಗಿ ಬಂದ. ಫೇಟಾ ಸುತ್ತುವವನು ಎದ್ದಿಲ್ಲವಂತೆ, ಎಬ್ಬಿಸಿಕೊಂಡು ಬಾ. ಎಬ್ಬಿಸಿಕೊಂಡು ಬಂದ. ಸಾಹೇಬರ ಅತ್ತೆ ಶೇಡಬಾಳದಿಂದ ಬಸ್ಸಿಗೆ ಬರುತ್ತಾರೆ, ಇಳಿಸಿಕೋ. ಮುದುಕಿಯನ್ನು ಇಳಿಸಿಕೊಂಡು, ಬೈಗುಳ ಕೇಳಿಸಿಕೊಂಡು, ಮುಂದಿನ ಸಾಲಿನಲ್ಲಿ ಕೂರಿಸಿದ. ಹತ್ತು ಎಂದೋ ಆಗಿಹೋಗಿತ್ತು.

ಆಗ ಸಪನಾಳ ಫೋನು ಬಂತು. ಬಸ್ಸಿನವರು, ಟ್ರಕ್ಕಿನವರು ಬಂದು ಕೂತಿದ್ದಾರೆ, ಅವ್ವ ಬೆಂಕಿಪೊಟ್ಟಣವನ್ನು ಸೆರಗಿಗೆ ಗಂಟು ಹಾಕಿಕೊಂಡು ಒಲೆಯ ಮುಂದೆ ಕೂತಿದ್ದಾಳೆ, ಬಂದವರಿಗೆಲ್ಲ ಚಪ್ಪಲಿಯ ಕಥೆ ಹೇಳುತ್ತಿದ್ದಾಳೆ ಎಂದಳು. ಮಂದಿ ಎದ್ದು ಹೋದರೇ ಎಂದು ರಾಜಾರಾಮ ಕೇಳಿದ.

“ಇಲ್ಲಪ್ಪಾ. ನೀ ಬರ್ತೀಯೋ ಇಲ್ಲೋ ನೋಡಾಕ ಕೂತಾರ.”

ಅಷ್ಟರಲ್ಲಿ ಸಾಹೇಬರ ಕಾರು ಬಂತು. ರಾಜಾರಾಮ ಓಡಿಹೋಗಿ ಟವೆಲು ಬಿಚ್ಚಿ ಚಪ್ಪಲಿಯನ್ನು ಕೆಳಗಿಟ್ಟ. ಸಾಹೇಬರು ಬಾಗಿಲಿನಿಂದ ಕಾಲು ಚಾಚಿ ಹಾಕಿಕೊಂಡರು. ಹಲಗೆ, ತಾಶೆ ಬಾರಿಸುವವರು ಬಾರಿಸತೊಡಗಿದರು, ಸಾಹೇಬರು ಜನರ ನಡುವಿನ ದಾರಿಯಲ್ಲಿ ವೇದಿಕೆಯ ಕಡೆ ಹೊರಟರು.

ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಆಗಬಾರದ್ದು ಆಯಿತು. ಚರ್ಮ ಮೆತ್ತಗೇನೋ ಆಗಿತ್ತು, ಆದರೆ ರಾಜಾರಾಮನ ಕಾಲಿಗೆ ಆಗಿತ್ತು. ಹಿಮ್ಮಡಿಯ ತಗ್ಗು ಸಾಹೇಬರ ಹಿಮ್ಮಡಿ ಇರುವಲ್ಲಿ ಇರಲಿಲ್ಲ. ಬೆರಳಿಗೆ ಬಿಟ್ಟ ಜಾಗದಲ್ಲಿ ಅವರ ಕಾಲು ಜಾರುತ್ತಿತ್ತು, ಇನ್ನೊಂದು ಕಡೆ ಪಟ್ಟಿ ಕೊಯ್ಯುತ್ತಿತ್ತು. ಸವೆದ ಅಂಚು ಅವರನ್ನು ಎಡಕ್ಕೆ ಎಳೆಯಿತು. ಫೇಟಾ ಸುತ್ತಿದ ಸಂಗ್ರಾಮ ಸಾಹೇಬರು ಎಡಕ್ಕೆ ವಾಲಿಕೊಂಡು, ಆ ಕಡೆ ಯಾರೋ ಗುಟ್ಟು ಹೇಳುತ್ತಿದ್ದಾರೆ ಎನ್ನುವ ಹಾಗೆ, ಸಾವಿರ ಜನರ ನಡುವೆ ರಾಜಾರಾಮನ ನಡಿಗೆ ನಡೆದರು.

ಮೊದಲು ನಕ್ಕವಳು ಉಜ್ವಲಾ. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಹೆಗಲು ಕುಣಿಯುವುದನ್ನು ಮುಚ್ಚಲಾಗಲಿಲ್ಲ. ಆಮೇಲೆ ರೈತರ ಸಾಲಿಗೆ ಸಾಲೇ ನಕ್ಕಿತು. ಮುಂದಿನ ಸಾಲಿನಲ್ಲಿದ್ದ ಅತ್ತೆ, ರಾಜಾರಾಮ ಬಂದ, ಅಳಿಯ ಎಲ್ಲಿ ಎಂದು ದೊಡ್ಡ ದನಿಯಲ್ಲಿ ಕೇಳಿದಳು.

ಸಾಹೇಬರು ಹೇಗೋ ವೇದಿಕೆ ಹತ್ತಿ ಕುರ್ಚಿಯಲ್ಲಿ ಕುಸಿದು ರಾಜಾರಾಮನನ್ನು ಕೈ ಮಾಡಿ ಕರೆದರು. ಅವನು ಹಿಂದಿನಿಂದ ಹೋಗಿ ಬಗ್ಗಿದ. ಚಿಕ್ಕೋಡಿಗೆ ಹೋಗಿ ಮನೆಯಿಂದ ಕಪ್ಪು ಬೂಟು ತಗೊಂಡು ಬಾ ಎಂದರು. ಹಬ್ಬದ ದಿನ, ಬಸ್ಸಿಗೆ ಹೋಗಿ ಬರುವುದೆಂದರೆ ಮಧ್ಯಾಹ್ನ ಕಳೆಯುತ್ತದೆ. ರಾಜಾರಾಮನ ಕಣ್ಣ ಮುಂದೆ ಆ ತಣ್ಣಗಿನ ಒಲೆ ಬಂತು, ಅದರ ಮುಂದೆ ಸೆರಗಿನ ಗಂಟು ಹಿಡಿದು ಕೂತವಳು ಬಂದಳು. ತೊಟ್ಟಿಲ ದಿನ ಅವಳು ಹೀಗೆಯೇ ಬಾಗಿಲು ನೋಡುತ್ತ ಕೂತಿರಬೇಕು ಎಂದು ಇಷ್ಟು ವರ್ಷದ ಮೇಲೆ ಅವನಿಗೆ ಹೊಳೆಯಿತು. ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

“ಆಗೂದಿಲ್ರಿ.”

ಯಾರು ಹೀಗೆಂದರು ಎಂದು ಅವನೇ ಒಂದು ಸಲ ಹಿಂದೆ ತಿರುಗಿ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಸಾಹೇಬರಿಗೂ ಸರಿಯಾಗಿ ಕೇಳಿಸಿತೋ ಇಲ್ಲವೋ, ಏನಂದಿ ಎಂದರು.

“ಇವತ್ತ ಆಗೂದಿಲ್ರಿ ಸಾಹೇಬ್ರ. ಮನ್ಯಾಗ ನನ್ನ ದಾರಿ ಕಾಯಾಕತ್ತಾರ. ಇವು ಹಾಕ್ಕೋರಿ, ಇವು ಯಾರಿಗೂ ಕಡಿಯೂದಿಲ್ಲ.”

ಹೀಗೆಂದು ತನ್ನ ರಬ್ಬರ್ ಚಪ್ಪಲಿಯನ್ನು ಬಿಟ್ಟು ಸಾಹೇಬರ ಕುರ್ಚಿಯ ಮುಂದಕ್ಕೆ ಸರಿಸಿದ. ಸಾಹೇಬರು ನೋವಿಗೆ ಆಗಲೇ ಕೊಲ್ಹಾಪುರಿಯನ್ನು ಕಳಚಿದ್ದರು. ಬರಿಗಾಲಲ್ಲಿ ಹೋಗಬೇಕೆಂದುಕೊಂಡಿದ್ದ ರಾಜಾರಾಮನ ಕಾಲು, ರೂಢಿಯಂತೆ, ತನ್ನಷ್ಟಕ್ಕೆ ತಾನೇ ಅದರೊಳಗೆ ಹೋಗಿಬಿಟ್ಟಿತು. ಸಾಹೇಬರು ಬಾಯಿ ತೆರೆದರು, ಅಷ್ಟರಲ್ಲಿ ಸ್ವಾಗತಗೀತೆ ಶುರುವಾಯಿತು, ಬಾಯಿ ಮುಚ್ಚಿಕೊಂಡು ಕೈ ಜೋಡಿಸಿದರು. ಹಾಡಿನ ನಡುವೆ ಕರ್ ಕರ್ ಎಂಬ ಸದ್ದು ವೇದಿಕೆಯಿಂದ ಬಾಗಿಲಿನವರೆಗೆ ಹೋಯಿತು. ತಡವಾಗಿ ಬಂದು ಹಿಂದೆ ಕೂತಿದ್ದ ಕೆಲವರು ಸಾಹೇಬರೇ ಬಂದರೆಂದು ಎದ್ದು ನಿಂತರು. ರಾಜಾರಾಮ ಅವರಿಗೆಲ್ಲ ನಮಸ್ಕಾರ ಮಾಡುತ್ತ ಹೊರಗೆ ಬಿದ್ದ.

ಓಣಿಯ ತಿರುವಿನಲ್ಲಿ ಇರುವಾಗಲೇ ಅಕ್ಕುತಾಯಿಗೆ ಸದ್ದು ಕೇಳಿಸಿತ್ತು. ಅವನು ಬಾಗಿಲಿಗೆ ಬಂದಾಗ ಅವಳು ಸೆರಗಿನ ಗಂಟು ಬಿಚ್ಚುತ್ತಿದ್ದಳು. ಒಳಗೆ ಕಂಡಕ್ಟರುಗಳು, ಟ್ರಕ್ಕಿನವರು, ವಖಾರಿಯ ಒಂದಿಬ್ಬರು ಹೆಂಗಸರು ಖಾಲಿ ತಾಟು ಮುಂದಿಟ್ಟುಕೊಂಡು ಕೂತಿದ್ದರು. ಯಾರೋ ಬಂದನಲ್ಲ ಮಾರಾಯ ಎಂದರು, ಯಾರೋ ಚಪ್ಪಾಳೆ ತಟ್ಟಿದರು. ಅಕ್ಕುತಾಯಿ ಬೆಂಕಿಪೊಟ್ಟಣವನ್ನು ಅವನ ಕೈಗಿಟ್ಟು, ಕಾಲು ನೋಡಿ, ಚಪ್ಪಲಿ ಕೊಡಲಿಲ್ಲವೇ ಎಂದು ಕೇಳಿದಳು.

“ಕೊಟ್ಟಿದ್ನಿ. ಅವ್ರಿಗಿ ಬರ್ಲಿಲ್ಲ.”

ರಾಜಾರಾಮ ಒಲೆಯ ಮುಂದೆ ಕೂತು ಕಡ್ಡಿ ಗೀರಿದ. ಹಸಿ ಒಲೆ ಮೊದಲು ಹೊಗೆಯಾಡಿತು, ಆಮೇಲೆ ಜ್ವಾಲೆ ಹಿಡಿಯಿತು. ಅವನ ಕಣ್ಣಲ್ಲಿ ನೀರು ಬಂತು. ಹೊಗೆ ಎಂದ. ಹೊಗೆಗೆ ಅಷ್ಟು ನೀರು ಬರುವುದಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮೊದಲ ಭಕ್ಕರಿ ಉಬ್ಬಿ ಬಂದಾಗ ಅಕ್ಕುತಾಯಿ ಅದನ್ನು ಅವನ ತಾಟಿಗೇ ಹಾಕಿದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಾಗಿಲಲ್ಲಿ ಸಂಗ್ರಾಮ ಸಾಹೇಬರು ನಿಂತಿದ್ದರು. ತಲೆಯ ಮೇಲೆ ಫೇಟಾ, ಕೊರಳಲ್ಲಿ ಹಾರ, ಕಾಲಲ್ಲಿ ರಾಜಾರಾಮನ ರಬ್ಬರ್ ಚಪ್ಪಲಿ. ಬೂಟಿಗೆಂದು ಡ್ರೈವರನನ್ನು ಕಾರು ಸಮೇತ ಚಿಕ್ಕೋಡಿಗೆ ಕಳಿಸಿದ್ದರು. ಮನೆಯವರು ಬೀಗ ಹಾಕಿ ಸತ್ಕಾರಕ್ಕೇ ಬಂದಿದ್ದರು, ಅದು ನೆನಪಾಗಿರಲಿಲ್ಲ, ಡ್ರೈವರ ಬೀಗ ನೋಡುತ್ತ ಅಲ್ಲೇ ನಿಂತಿದ್ದ. ಪಂಕ್ತಿಯಲ್ಲಿ ಎಲ್ಲರೂ ಕಾಲು ನೋಡುತ್ತಾರೆಂದು ಊಟ ಬಿಟ್ಟು ಎದ್ದು, ರಾಜಾರಾಮನಿಗೆ ಬುದ್ಧಿ ಕಲಿಸಬೇಕೆಂದು ನಡೆದುಕೊಂಡೇ ಬಂದಿದ್ದರು. ಬಿಸಿಲು ಏರಿತ್ತು.

ನನ್ನ ಚಪ್ಪಲಿ ಎಲ್ಲಿ ಎಂದು ಗುಡುಗಿದರು. ರಾಜಾರಾಮ ಎದ್ದು ಬಂದು ಬಾಗಿಲ ಪಕ್ಕದಲ್ಲಿದ್ದ ಕೊಲ್ಹಾಪುರಿಯನ್ನು ತೋರಿಸಿದ. ಹಾಕಿಕೊಳ್ಳಿ ಎಂದ, ನಿಜವಾಗಿಯೂ ಕೊಡುವ ಮನಸ್ಸಿನಿಂದಲೇ ಎಂದ. ಸಾಹೇಬರು ಒಂದು ಕಾಲು ಇಟ್ಟರು, ಮುಖ ಹಿಂಡಿ ತೆಗೆದರು. ಅಷ್ಟರಲ್ಲಿ ಒಳಗಿನಿಂದ ಬಿಸಿ ಭಕ್ಕರಿಯ, ಕಡಲೆಹಿಟ್ಟಿನ ಜುಣಕದ ವಾಸನೆ ಬಂತು. ಸಾಹೇಬರಿಗೆ ಬುದ್ಧಿ ಕಲಿಸುವ ಮಾತು ಮರೆತುಹೋಯಿತು.

“ಕೈ ತೊಳ್ಕೊಂಡು ಕೂಡ್ರಿ ಸಾಹೇಬ್ರ,” ಎಂದಳು ಅಕ್ಕುತಾಯಿ.

ಕೂತರು. ಎರಡು ಭಕ್ಕರಿ ತಿಂದರು. ಮೂರನೆಯದರ ಜೊತೆ ಹಸಿಮೆಣಸಿನಕಾಯಿಯ ಖರಡಾ ತುಸು ಜಾಸ್ತಿ ಬಾಯಿಗೆ ಹೋಯಿತು. ಬಿಕ್ಕಳಿಕೆ ಹತ್ತಿತು, ಕಣ್ಣು ಕೆಂಪಾಯಿತು. ರೂಢಿಯಂತೆ ಕೈ ಮೇಲೆತ್ತಿ, ರಾಜಾರಾಮ, ನೀರು ಎಂದರು. ರೂಢಿಯಂತೆ ರಾಜಾರಾಮನೂ ಅರ್ಧ ಎದ್ದ. ಅಕ್ಕುತಾಯಿಯ ಹಿಟ್ಟಿನ ಕೈ ಅವನ ಹೆಗಲ ಮೇಲೆ ಬಿತ್ತು, ಅವನು ಹಾಗೆಯೇ ಕೂತ. ಅವಳು ಇನ್ನೊಂದು ಕೈಯಿಂದ ಗೋಡೆಯ ಮೇಲಿನ ಬರಹವನ್ನು ತೋರಿಸಿದಳು.

ಸಾಹೇಬರು ಓದಿದರು. ಸುತ್ತ ನೋಡಿದರು. ಬಿಕ್ಕಳಿಕೆ ಕಾಯುವ ಹಾಗಿರಲಿಲ್ಲ, ಎದ್ದು ಮಡಕೆಯ ಕಡೆ ಹೋದರು. ಅವರು ಯಾರೆಂದು ಗೊತ್ತಿಲ್ಲದ, ಎಲ್ಲಿಂದಲೋ ಬಂದ ಟ್ರಕ್ ಡ್ರೈವರನೊಬ್ಬ ತಾಟಿ‍ನಿಂದ ತಲೆ ಎತ್ತದೆಯೇ ಕೂಗಿದ.

“ಕಾಕಾ, ಬರೂಮುಂದ ನನಗೂ ಒಂದ್ ತಂಬಿಗಿ ತರ್ರಿ.”

ಸಪನಾ ಸೌಟು ಹಿಡಿದು ನಿಂತಲ್ಲೇ ನಿಂತಳು. ಸಾಹೇಬರು ಮಡಕೆಯ ಮುಚ್ಚಳ ತೆಗೆದರು. ತಾವು ಗಟಗಟ ಕುಡಿದರು. ಆಮೇಲೆ ಒಂದು ತಂಬಿಗೆ ತುಂಬಿಕೊಂಡು, ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದು, ರಬ್ಬರ್ ಚಪ್ಪಲಿ ಪಟಪಟ ಅನ್ನಿಸುತ್ತ ಬಂದು ಡ್ರೈವರನ ಮುಂದೆ ಇಟ್ಟರು. ಅವನು ತಲೆ ಎತ್ತಲಿಲ್ಲ, ಕುಡಿದು ಊಟ ಮುಂದುವರಿಸಿದ. ಸಾಹೇಬರು ಅವನನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತರು. ಆಮೇಲೆ ತಿರುಗಿ ರಾಜಾರಾಮನನ್ನು ನೋಡಿದರು, ಅವನ ತಾಟಿನ ಪಕ್ಕದ ಖಾಲಿ ಲೋಟವನ್ನು ನೋಡಿದರು.

“ನಿನಗ ಬೇಕೇನ?”

“ಬೇಕ್ರಿ,” ಎಂದ ರಾಜಾರಾಮ.

ಸಾಹೇಬರು ಹೋಗುವಾಗ ಚಪ್ಪಲಿ ಕೇಳಲಿಲ್ಲ. ಮರುದಿನ ರಾಜಾರಾಮ ಕರ್ ಕರ್ ಎನ್ನುತ್ತ ಕಚೇರಿಯ ಮೆಟ್ಟಿಲು ಹತ್ತಿದಾಗ ಉಜ್ವಲಾ ಮೊಬೈಲು ಬಚ್ಚಿಡಲಿಲ್ಲ. ಸ್ಟೂಲಿನ ಕೆಳಗೆ ಅವನ ರಬ್ಬರ್ ಚಪ್ಪಲಿ ಇದ್ದವು, ಸಾಹೇಬರೇ ಕೈಯಲ್ಲಿ ಹಿಡಿದುಕೊಂಡು ಬಂದಿಟ್ಟರು ಎಂದು ಅವಳು ಹೇಳಿದಳು. ರಾಜಾರಾಮ ಸ್ಟೂಲಿನ ಧೂಳು ಒರೆಸಿ, ಅದರ ಮೇಲೆ ಕೂತು, ಕಾಲು ಚಾಚಿದ.